ಇನ್ನೊಬ್ಬರ ಫೋನಿನಲ್ಲಿ ‘ಅಲೋ’ ಒತ್ತುವವರಲ್ಲಿ ಒಂದು ಮನವಿ

ತಾಲ್ಲೂಕು ಕೇಂದ್ರದ ಯಾವುದೇ ಮೊಬೈಲ್ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಹೊಸ ಫೋನನ್ನು ಹುಡುಗನ ಕೈಗಿಟ್ಟು ‘ಎಲ್ಲಾ ಹಾಕ್ಕೊಡಪ್ಪ’ ಎನ್ನುವ ತಾಯಿಯೊಬ್ಬರು ಕಣ್ಣಿಗೆ ಬೀಳುತ್ತಾರೆ. ಹುಡುಗನ ಹೆಬ್ಬೆರಳು ಸರಸರ ಓಡುತ್ತದೆ. ಕಾಂಟ್ಯಾಕ್ಟ್ಸ್ ಬೇಕಂತೆ, ಅಲೋ. ಲೊಕೇಶನ್ ಬೇಕಂತೆ, ಅಲೋ. ಫೋಟೊ, ಮೈಕು, ಮೆಸೇಜು ಎಲ್ಲಕ್ಕೂ ಅಲೋ. ಆಕೆಯನ್ನು ಯಾರೂ ಏನೂ ಕೇಳಲಿಲ್ಲ. ಆದರೂ ಆ್ಯಪಿನ ಲೆಕ್ಕದಲ್ಲಿ ಆಕೆ ಎಲ್ಲದಕ್ಕೂ ಒಪ್ಪಿಯಾಯಿತು.

ಮನೆಯಲ್ಲಿ ನಾವು ಮಾಡುವುದೂ ಇದನ್ನೇ. ಅಪ್ಪನ ಫೋನು, ಅಜ್ಜಿಯ ಫೋನು, ಪಕ್ಕದ ಮನೆಯವರ ಫೋನು ಕೈಗೆ ಬಂದರೆ ಉಪಕಾರವೆಂದೇ ಬಗೆದು ಬೇಗ ಮುಗಿಸಿಕೊಡುತ್ತೇವೆ. ನನ್ನ ಮಾತು ಇಂಥ ಉಪಕಾರಿಗಳ ಜೊತೆ.

ಕಾಂಟ್ಯಾಕ್ಟ್ಸ್ ಒಂದನ್ನೇ ನೋಡೋಣ. ಆ ಪಟ್ಟಿಯಲ್ಲಿ ತವರಿನ ಅಣ್ಣ, ಸ್ವಸಹಾಯ ಸಂಘದ ಗೆಳತಿಯರು, ಆಶಾ ಕಾರ್ಯಕರ್ತೆ, ಮಗಳನ್ನು ಕೊಟ್ಟ ಬೀಗರು ಎಲ್ಲ ಇದ್ದಾರೆ. ಒಂದು ಸಲ ಒತ್ತಿದರೆ ಅವರೆಲ್ಲರ ನಂಬರನ್ನೂ ಅವರಿಗೆ ತಿಳಿಯದಂತೆ ಕೊಟ್ಟ ಹಾಗೆ. ಕೊರೊನಾ ಕಾಲದಲ್ಲಿ ಕೈ ಖಾಲಿಯಾದವರಿಗೆ ಸಾಲದ ಆ್ಯಪ್‌ಗಳು ಕೆಲವು ಸಾವಿರ ರೂಪಾಯಿ ಕೊಟ್ಟು, ಈ ಪಟ್ಟಿಯನ್ನೇ ಅಡವಿಟ್ಟುಕೊಂಡವು. ಕಂತು ತಪ್ಪಿದೊಡನೆ ನೆಂಟರಿಷ್ಟರಿಗೆಲ್ಲ ಫೋನು, ಬೈಗುಳ, ತಿರುಚಿದ ಫೋಟೊ. ಮಾನಕ್ಕೆ ಅಂಜಿ ಪ್ರಾಣ ಕಳೆದುಕೊಂಡವರೂ ಇದ್ದಾರೆ. 2022ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್, ಸಾಲದ ಆ್ಯಪ್‌ಗಳು ಫೋನಿನ ಕಾಂಟ್ಯಾಕ್ಟ್ಸ್, ಕಾಲ್ ಲಾಗ್, ಫೈಲುಗಳಿಗೆ ಕೈ ಹಾಕಬಾರದೆಂದು ನಿಯಮ ಮಾಡಿತು. ಹಾಗಾಗಿ ಸಾಲ ಕೊಡುವ ಆ್ಯಪ್ ಇವತ್ತು ಕಾಂಟ್ಯಾಕ್ಟ್ಸ್ ಕೇಳಿದರೆ ಅದು ನಿಯಮ ಮುರಿಯುತ್ತಿದೆ ಎಂದೇ ತಿಳಿಯಿರಿ. ಆ ಆ್ಯಪನ್ನು ತೆಗೆದುಹಾಕಿ.

‘ನಮ್ಮಂಥವರ ಹತ್ತಿರ ಮುಚ್ಚಿಡುವಂಥದ್ದು ಏನಿದೆ’ ಎನ್ನುವವರಿದ್ದಾರೆ. ಮುಚ್ಚಿಡುವುದು ಬಿಡುವುದು ಆಮೇಲಿನ ಮಾತು, ಖಾಸಗಿತನ ಪ್ರತಿಯೊಬ್ಬರ ಹಕ್ಕು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಇದನ್ನು ಮೂಲಭೂತ ಹಕ್ಕೆಂದು ಸಾರಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಕೋರ್ಟಿನ ಮೆಟ್ಟಿಲೇರಿದಾಗ ಅವರಿಗೆ ಎಂಬತ್ತು ದಾಟಿತ್ತು. ನಾಡಿನ ಹಿರಿಯರೊಬ್ಬರು ಇಡೀ ದೇಶಕ್ಕೆ ಗಳಿಸಿಕೊಟ್ಟ ಹಕ್ಕನ್ನು ನಮ್ಮ ಮನೆಯ ಹಿರಿಯರಿಂದ ನಾವೇ ಕಸಿಯುವುದು ತಪ್ಪು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಒಂದು ಉದಾಹರಣೆಯಿದೆ. ಫೋನಿನಲ್ಲೇ ವೈದ್ಯರನ್ನು ಕಾಣುವ ಆ್ಯಪೊಂದು ಕಾಂಟ್ಯಾಕ್ಟ್ಸ್ ಕೇಳುತ್ತದೆ, ಬಳಸುವವರು ಒಪ್ಪಿಯೂ ಬಿಡುತ್ತಾರೆ. ಚಿಕಿತ್ಸೆಗೆ ಆ ಪಟ್ಟಿ ಬೇಕಿಲ್ಲ, ಆದ್ದರಿಂದ ಆ ಒಪ್ಪಿಗೆ ಅಷ್ಟರಮಟ್ಟಿಗೆ ನಿಲ್ಲುವುದಿಲ್ಲ ಎನ್ನುತ್ತದೆ ಕಾಯ್ದೆ. ಒಪ್ಪಿಗೆ ಕೇಳುವ ಮಾತು ಸಂವಿಧಾನದ 8ನೇ ಪರಿಚ್ಛೇದದ 22 ಭಾಷೆಗಳಲ್ಲಿ ಬೇಕಾದುದರಲ್ಲಿ ಸಿಗಬೇಕೆಂದೂ ಅದರಲ್ಲಿದೆ. ಅಂದರೆ ಕನ್ನಡದಲ್ಲೂ ಸಿಗಬೇಕು. ಇದರ ನಿಯಮಗಳು ಹೊರಬಂದದ್ದು 2025ರ ನವೆಂಬರ್‌ನಲ್ಲಿ, ಕಂಪನಿಗಳಿಗೆ ಸಿಕ್ಕ ಕಾಲಾವಕಾಶ 18 ತಿಂಗಳು. ಅಲ್ಲಿಯವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ.

ಒತ್ತುವ ಮೊದಲು ಬಾಯಿಬಿಟ್ಟು ಕೇಳಿ: ‘ಅಮ್ಮಾ, ಈ ಟಾರ್ಚ್ ಆ್ಯಪು ನಿಮ್ಮ ಫೋನಲ್ಲಿರೋ ಎಲ್ಲರ ನಂಬರೂ ಕೇಳ್ತಿದೆ, ಕೊಡ್ಲಾ?’ ಓದು ಬರಹ ಬಾರದವರೂ ‘ಟಾರ್ಚಿಗೆ ಅದ್ಯಾಕಪ್ಪ?’ ಎಂದು ಥಟ್ಟನೆ ಕೇಳುತ್ತಾರೆ. ಅವರಿಗೆ ತಿಳಿಯುವುದಿಲ್ಲವೆಂದು ನಾವು ಅಂದುಕೊಂಡಿದ್ದೇವೆ ಅಷ್ಟೆ. ಕನ್ನಡ ಓದಬಲ್ಲವರ ಫೋನಿಗೆ ಕನ್ನಡ ಹಾಕಿಕೊಡಿ. ಹಿಂದೆ ಕೊಟ್ಟ ಅನುಮತಿಗಳನ್ನು ವಾಪಸ್ ಪಡೆಯಬಹುದು. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಪರ್ಮಿಷನ್ ಮ್ಯಾನೇಜರ್ ತೆರೆದರೆ ಯಾವ ಆ್ಯಪ್ ಏನೇನು ಇಟ್ಟುಕೊಂಡಿದೆ ಎಂಬುದು ಕಾಣುತ್ತದೆ. ಮೋಸಕ್ಕೆ ಸಿಕ್ಕಿ ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಅಂಗಡಿ ನಡೆಸುವ ತಮ್ಮಂದಿರೇ, ಜನ ನಿಮ್ಮನ್ನು ನಂಬಿ ಫೋನು ಕೊಡುತ್ತಾರೆ, ಒಂದೊಂದನ್ನೂ ಕೇಳಿ ಹಾಕಿಕೊಡಿ. ಓದುಗರೇ, ಈ ಭಾನುವಾರ ಮನೆಯ ಹಿರಿಯರ ಪಕ್ಕ ಕುಳಿತು, ಅವರ ಫೋನಿನಲ್ಲಿರುವ ಒಂದೊಂದು ಅನುಮತಿಯನ್ನೂ ಓದಿ ಹೇಳಿ. ಇಟ್ಟುಕೊಳ್ಳುವುದೋ ತೆಗೆಯುವುದೋ ಅವರೇ ಹೇಳಲಿ.