ಹಲ್ಲು ಎಣಿಸಿ, ಆಮೇಲೆ ಸಲಹೆ ಕೊಡಿ

ನಮ್ಮ ಕಾಲೇಜಿನ ಸೈಕಲ್ ಸ್ಟ್ಯಾಂಡಿನಲ್ಲಿ ಸಲಹೆಗೆ ಬರವಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಹತ್ತು ನಿಮಿಷ ನಿಂತರೆ ಸಾಕು. "ಗೇರ್ ಸೈಕಲ್ ತಗೋ, ಇದು ದೂರ ಹೋಗಾಕ ಬರಂಗಿಲ್ಲ" ಅನ್ನುತ್ತಾರೆ ಒಬ್ಬರು. "ಹಿಂದ ಸಣ್ಣ ಹಲ್ಲಿಂದು ಹಾಕ್ಸು, ಗಾಳಿಯಂಗ ಹೊಕ್ಕದ" ಅನ್ನುತ್ತಾರೆ ಇನ್ನೊಬ್ಬರು. ಈಚೆಗೆ ಮೂರನೆಯ ಸಲಹೆಯೂ ಸೇರಿಕೊಂಡಿದೆ: ಫ್ರೀವೀಲಿಗೆ ವೆಲ್ಡಿಂಗ್ ಮಾಡಿಸಿ ಫಿಕ್ಸೆಡ್ ಗೇರ್ ಮಾಡಿಕೊಳ್ಳಿ, ಬ್ರೇಕ್ ಬಿಚ್ಚಿಡಿ.

ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಎಷ್ಟೋ ಸೈಕಲ್ ಪಟುಗಳನ್ನು ಕೊಟ್ಟ ನೆಲ. ಇಲ್ಲಿ ಸೈಕಲ್ ಮಾತು ಇಷ್ಟು ನಡೆಯುವುದು ನನಗೆ ಖುಷಿಯ ಸಂಗತಿ. ಆದರೆ ಲೆಕ್ಕವಿಲ್ಲದ ಸಲಹೆಗೆ ಬೆಲೆ ತೆರುವವರು ಕೇಳಿದವರು, ಕೊಟ್ಟವರಲ್ಲ. ಮನೆಯ ದುಡ್ಡು ಹೋಗುತ್ತದೆ, ಮೊಣಕಾಲು ನೋಯುತ್ತದೆ, ಬ್ರೇಕಿನ ವಿಷಯದಲ್ಲಾದರೆ ಜೀವಕ್ಕೇ ಕುತ್ತು. ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಸೈಕಲ್ ಸಲಹೆ ಕೊಡುವವರು ಮೂರು ವಿಷಯ ಹೇಳಲೇಬೇಕು. ಹಲ್ಲು ಎಷ್ಟು, ರಸ್ತೆ ಎಂಥದು, ಬ್ರೇಕ್ ಹೇಗಿದೆ.

ಮೊದಲು ಹಲ್ಲಿನ ಮಾತು. ನನ್ನ ಸೈಕಲ್ಲಿನ ಮುಂದಿನ ಚೈನ್‌ವೀಲಿನಲ್ಲಿ 44 ಹಲ್ಲು, ಹಿಂದೆ 18. ಒಂದು ಸಲ ಪೆಡಲ್ ಪೂರ್ತಿ ತಿರುಗಿಸಿದರೆ ಹಿಂದಿನ ಗಾಲಿ 44 ಭಾಗಿಸು 18, ಅಂದರೆ ಸುಮಾರು 2.44 ಸುತ್ತು ತಿರುಗುತ್ತದೆ. 28 ಇಂಚಿನ ಗಾಲಿಯ ಸುತ್ತಳತೆ ಹತ್ತಿರ ಹತ್ತಿರ 2.2 ಮೀಟರ್. ಹಾಗಾಗಿ ಒಂದು ತುಳಿತಕ್ಕೆ ಸುಮಾರು 5.4 ಮೀಟರ್ ದಾರಿ. ನಿಮಿಷಕ್ಕೆ 70 ಸಲ ತುಳಿದರೆ ಗಂಟೆಗೆ 22-23 ಕಿ.ಮೀ. ವೇಗ. ಹಿಂದೆ 16 ಹಲ್ಲಿನದು ಹಾಕಿದರೆ ಅದೇ ತುಳಿತಕ್ಕೆ 25 ಕಿ.ಮೀ. ದಾಟುತ್ತದೆ. 20 ಹಲ್ಲಿನದು ಹಾಕಿದರೆ 20 ಕಿ.ಮೀ.ಗೆ ಇಳಿಯುತ್ತದೆ, ಆದರೆ ಕಾಲಿಗೆ ಬೀಳುವ ಭಾರ 18ಕ್ಕಿಂತ ನೂರಕ್ಕೆ ಹತ್ತರಷ್ಟು ಕಡಿಮೆ. ಏಳನೇ ತರಗತಿಯ ಭಾಗಾಕಾರ ಬಂದವರೆಲ್ಲರೂ ಇಷ್ಟನ್ನು ಮಾಡಬಹುದು.

ಇದನ್ನು ಮಾಡಿ ನೋಡಿದ ಮೇಲೆ "ಯಾವ ಗೇರ್ ಒಳ್ಳೆಯದು" ಎಂಬ ಜಗಳಕ್ಕೆ ಅರ್ಥವೇ ಉಳಿಯುವುದಿಲ್ಲ. ನನ್ನ ಸಹಪಾಠಿಯೊಬ್ಬ 16 ಹಲ್ಲಿನದೇ ಸರಿ ಅನ್ನುತ್ತಾನೆ. ಅವನು ರಿಂಗ್ ರೋಡಿನ ಸಪಾಟು ದಾರಿಯಲ್ಲಿ ಖಾಲಿ ಸೈಕಲ್ ಓಡಿಸುವವನು, ಅವನಿಗೆ ಅದು ಸರಿಯೇ. ನಾನು ಹೋದ ಚಳಿಗಾಲದಲ್ಲಿ ಅಣ್ಣನ ಜೊತೆ ನಿಡಗುಂದಿಯ ಮಾಮು ಮನೆಗೆ ಹೋಗಿ, ಆಲಮಟ್ಟಿ ಅಣೆಕಟ್ಟು ನೋಡಿ, ಮಾರನೆಯ ದಿನ ತಿರುಗಿ ಬಂದೆ. ಒಂದೊಂದು ಕಡೆಗೆ ಅರವತ್ತು ಕಿ.ಮೀ. ಆಸುಪಾಸು. ಕ್ಯಾರಿಯರ್ ಮೇಲೆ ಬಟ್ಟೆ, ರೊಟ್ಟಿ, ನೀರಿನ ಗಂಟು. ಅದಕ್ಕೆಂದೇ ಹಿಂದೆ 20 ಹಲ್ಲಿನ ಫ್ರೀವೀಲ್ ಹಾಕಿಸಿದ್ದೆ. ಬರುವಾಗ ಎದುರುಗಾಳಿ ಹೊಡೆದರೂ ಇಳಿದು ತಳ್ಳುವ ಪ್ರಸಂಗ ಬರಲಿಲ್ಲ. ಇಬ್ಬರ ಸಲಹೆಯೂ ನಿಜ. ಆದರೆ ರಸ್ತೆ ಮತ್ತು ಭಾರ ಹೇಳದೆ ಬರೀ ಹಲ್ಲಿನ ಸಂಖ್ಯೆ ಹೇಳಿದರೆ ಎರಡೂ ಸುಳ್ಳಾಗುತ್ತವೆ.

"ಒಂದೇ ಗೇರಿನಲ್ಲಿ ದೂರ ಹೋಗಲಾಗದು" ಅನ್ನುವವರು ಸ್ವಲ್ಪ ಇತಿಹಾಸ ನೋಡಬೇಕು. ಟೂರ್ ದ ಫ್ರಾನ್ಸ್ ಶುರುವಾದದ್ದು 1903ರಲ್ಲಿ. ಓಡುತ್ತಿರುವಾಗಲೇ ಚೈನನ್ನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರ್ ಗೇರಿಗೆ ಅಲ್ಲಿನ ಸವಾರರೆಲ್ಲರಿಗೂ ಅವಕಾಶ ಸಿಕ್ಕಿದ್ದು 1937ರಲ್ಲಿ. ಅಲ್ಲಿಯವರೆಗೆ ಹಿಂದಿನ ಗಾಲಿಯ ಎರಡೂ ಬದಿಗೆ ಬೇರೆ ಬೇರೆ ಹಲ್ಲಿನ ಚಕ್ರ ಕೂರಿಸಿಕೊಂಡು, ಬೆಟ್ಟ ಬಂದಾಗ ಇಳಿದು, ಗಾಲಿ ಬಿಚ್ಚಿ ತಿರುಗಿಸಿ ಹಾಕುತ್ತಿದ್ದರು. 2,115 ಮೀಟರ್ ಎತ್ತರದ ತುರ್ಮಾಲೆ ಕಣಿವೆದಾರಿಯನ್ನು 1910ರಿಂದ ಹೀಗೆಯೇ ಹತ್ತಿದರು. ಈಗಲೂ ಸುಮಾರು 1,200 ಕಿ.ಮೀ.ಯ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಸವಾರಿಯನ್ನು 90 ಗಂಟೆಯೊಳಗೆ ಫಿಕ್ಸೆಡ್ ಗೇರಿನಲ್ಲಿ ಮುಗಿಸುವವರಿದ್ದಾರೆ. ಹಾಗೆಂದು ಗೇರ್ ಸೈಕಲ್ ಬೇಡವೆಂದಲ್ಲ. ದುಡ್ಡಿದ್ದವರು ಕೊಳ್ಳಲಿ. ಇಲ್ಲದವರು ಅದಕ್ಕಾಗಿ ಕಾಯುತ್ತ ಕೂರಬೇಕಾಗಿಲ್ಲ.

ಈಗ ಬ್ರೇಕ್. ಮಾಮೂಲಿ ಸೈಕಲ್ಲಿನಲ್ಲಿ ಫ್ರೀವೀಲ್ ಇರುತ್ತದೆ. ಕಾಲು ನಿಲ್ಲಿಸಿದರೂ ಗಾಲಿ ಕಟಕಟ ಸದ್ದು ಮಾಡುತ್ತ ಓಡುತ್ತದೆ. ಫಿಕ್ಸೆಡ್ ಗೇರಿನಲ್ಲಿ ಹಾಗಲ್ಲ. ಗಾಲಿ ತಿರುಗುವವರೆಗೂ ಪೆಡಲ್ ತಿರುಗಲೇಬೇಕು. ವೇಗ ಇಳಿಸಲು ಕಾಲಿನಿಂದ ಹಿಂದಕ್ಕೆ ಒತ್ತಿ ತಡೆಯಬೇಕು. ಸರಿಯಾದ ಫಿಕ್ಸೆಡ್ ಹಬ್ಬಿನಲ್ಲಿ ಹಲ್ಲಿನ ಚಕ್ರವನ್ನು ಬಲಮರೆಯಲ್ಲಿ ತಿರುಗಿಸಿ ಕೂರಿಸಿ, ಅದರ ಮೇಲೆ ಎಡಮರೆಯ ಲಾಕ್‌ರಿಂಗ್ ಬಿಗಿಯುತ್ತಾರೆ. ಹಿಂದಕ್ಕೆ ಒತ್ತಿದಾಗ ಚಕ್ರ ಸಡಿಲವಾಗಲು ನೋಡಿದರೆ ಲಾಕ್‌ರಿಂಗ್ ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ. ನಮ್ಮ ಮಾಮೂಲಿ ಹಬ್ಬಿನಲ್ಲಿ ಈ ಎಡಮರೆ ಇಲ್ಲ. ವೆಲ್ಡಿಂಗ್ ಮಾಡಿದ ಫ್ರೀವೀಲ್ ಹಿಂದಕ್ಕೆ ಒತ್ತಿದಾಗ ಹಬ್ಬಿನಿಂದಲೇ ಬಿಚ್ಚಿಕೊಳ್ಳಬಹುದು, ಇಲ್ಲವೆ ವೆಲ್ಡಿಂಗ್ ಬಿಡಬಹುದು. ಆಗ ಬ್ರೇಕೂ ಇಲ್ಲದಿದ್ದರೆ ನಿಲ್ಲಿಸಲು ಏನೂ ಉಳಿಯುವುದಿಲ್ಲ.

ಇಳಿಜಾರಿನ ಲೆಕ್ಕವನ್ನೂ ನೋಡಿ. 44-18ರ ಫಿಕ್ಸೆಡ್ ಸೈಕಲ್ ಗಂಟೆಗೆ 40 ಕಿ.ಮೀ. ವೇಗ ಮುಟ್ಟಿದರೆ ಕಾಲು ನಿಮಿಷಕ್ಕೆ ಸುಮಾರು 124 ಸಲ ತಿರುಗಬೇಕು, ಸೆಕೆಂಡಿಗೆ ಎರಡಕ್ಕಿಂತ ಹೆಚ್ಚು. ಆ ಹೊತ್ತಿನಲ್ಲಿ ಎದುರಿಗೆ ಮಗುವೊಂದು ಓಡಿ ಬಂದರೆ ಬರೀ ಕಾಲಿನಿಂದ ತಡೆಯುತ್ತೇನೆ ಅನ್ನುವುದು ಬಡಾಯಿ. ಬ್ರಿಟನ್ನಿನ ಕಾನೂನು ಸೈಕಲ್ಲಿಗೆ ಎರಡು ಬ್ರೇಕ್ ವ್ಯವಸ್ಥೆ ಕೇಳುತ್ತದೆ. ಫಿಕ್ಸೆಡ್ ಗಾಲಿಯನ್ನು ಒಂದು ಬ್ರೇಕ್ ಎಂದು ಒಪ್ಪುತ್ತದೆ, ಆದರೆ ಮುಂದಿನ ಬ್ರೇಕ್ ಇರಲೇಬೇಕು. 2016ರಲ್ಲಿ ಲಂಡನ್ನಿನಲ್ಲಿ ಮುಂದಿನ ಬ್ರೇಕ್ ಇಲ್ಲದ ಫಿಕ್ಸೆಡ್ ಸೈಕಲ್ ಬಡಿದು ರಸ್ತೆ ದಾಟುತ್ತಿದ್ದ ಹೆಣ್ಣುಮಗಳೊಬ್ಬರು ತೀರಿಕೊಂಡರು. ಸವಾರನಿಗೆ ಮರುವರ್ಷ 18 ತಿಂಗಳ ಶಿಕ್ಷೆಯಾಯಿತು. ಬ್ರೇಕ್ ಬಿಚ್ಚುವ ಸಲಹೆ ಕೊಡುವವರು ಇದನ್ನು ಮರೆಯಬಾರದು. ಅಪಾಯ ಸವಾರನಿಗೆ ಮಾತ್ರವಲ್ಲ, ರಸ್ತೆ ದಾಟುವ ಅಜ್ಜಿಗೂ ಇದೆ.

ನನಗೆ ಇದನ್ನೆಲ್ಲ ಕಲಿಸಿದವರು ಚಾಚಾ. ಅವರದು ಬಸ್ ಸ್ಟ್ಯಾಂಡ್ ಹತ್ತಿರ ಸಣ್ಣ ಸೈಕಲ್ ಅಂಗಡಿ. ಯಾರೇ ಬಂದರೂ ಅವರ ಮೊದಲ ಮಾತು ಒಂದೇ: "ಬೇಟಾ, ಮೊದಲ ಬ್ರೇಕ್ ತೋರ್ಸು, ಆಮ್ಯಾಗ ಸ್ಪೀಡಿನ ಮಾತು." ಗಾಲಿ ಔಟ್ ಆಗಿದ್ದರೆ ತಿರುಗಿಸಿ ನೋಡಿ, ಯಾವ ತಂತಿಯನ್ನು ಎಷ್ಟು ಬಿಗಿಯಬೇಕೆಂದು ಬೆರಳಿನಿಂದ ಮೀಟಿ ಹೇಳುತ್ತಾರೆ. ಚೈನು ಸವೆದಿದೆಯೋ ಇಲ್ಲವೋ ಎಂದು ಸ್ಕೇಲ್ ಹಿಡಿದು ತೋರಿಸುತ್ತಾರೆ. ಹೊಸ ಚೈನಿನಲ್ಲಿ ಒಂದು ಪಿನ್ನಿನಿಂದ ಎಣಿಸಿದ 24ನೆಯ ಪಿನ್ನಿಗೆ ಸರಿಯಾಗಿ 12 ಇಂಚು. ಅದು ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚಾಗಿದ್ದರೆ ಚೈನು ಬದಲಿಸಬೇಕು, ಇಲ್ಲದಿದ್ದರೆ ಹಲ್ಲುಗಳನ್ನೂ ತಿನ್ನುತ್ತದೆ.

ಇಂಥ ವಿದ್ಯೆಯನ್ನೇ ನಾವು ಬೈಗುಳ ಮಾಡಿಕೊಂಡಿದ್ದೇವೆ. "ಓದಲಿಲ್ಲಂದ್ರ ಪಂಕ್ಚರ್ ಹಚ್ಚಬೇಕಾಗ್ತದ ನೋಡು" ಎಂಬ ಮಾತು ಕೇಳದೆ ಬೆಳೆದವರು ನಮ್ಮಲ್ಲಿ ಯಾರಿದ್ದಾರೆ? ಹೊರಗಿನವರು ಅಂದರೆ ನೋವಾಗುತ್ತದೆ. ಅದನ್ನೇ ಮನೆಯಲ್ಲಿ, ತರಗತಿಯಲ್ಲಿ ನಾವೇ ಅನ್ನುತ್ತೇವೆ. ಪಂಕ್ಚರ್ ಹಚ್ಚುವವರ ಮನೆಯ ಹುಡುಗ ಅದೇ ಬೆಂಚಿನಲ್ಲಿ ಕೂತಿರುತ್ತಾನೆ. ಭೌತಶಾಸ್ತ್ರದಲ್ಲಿ ಟಾರ್ಕ್ ಬಗ್ಗೆ ಹತ್ತು ಅಂಕದ ಉತ್ತರ ಬರೆಯುವ ನಾವು, ಅದೇ ಟಾರ್ಕನ್ನು ದಿನವೂ ಕೈಯಲ್ಲಿ ಹಿಡಿಯುವವರನ್ನು ಸೋಲಿನ ಉದಾಹರಣೆ ಮಾಡುವುದು ನ್ಯಾಯವಲ್ಲ. ಓದುವುದು ಬೇಕು. ಅದಕ್ಕೆ ಹೆದರಿಕೆಯಾಗಿ ಒಬ್ಬರ ದುಡಿಮೆಯನ್ನು ತೋರಿಸಬೇಕಾಗಿಲ್ಲ.

ಹುಡುಗಿಯರಿಗೆ ಬರುವ ಸಲಹೆಯೇ ಬೇರೆ. ಚೈನು ಬಿದ್ದರೆ "ಬಿಡು, ಅಣ್ಣಗ ಕೊಡು" ಅನ್ನುತ್ತಾರೆ. 2006-07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಿತು. ಅಕ್ಕಂದಿರಿಗೆ ಬಂದ ಆ ಸೈಕಲ್ಲುಗಳಲ್ಲಿ ಎಷ್ಟೋ ಈಗ ಮಾಳಿಗೆ ಮೆಟ್ಟಿಲ ಕೆಳಗೆ ತುಕ್ಕು ಹಿಡಿಯುತ್ತಿವೆ. ಅನೇಕ ಸಲ ಅವುಗಳಿಗೆ ಬೇಕಾದದ್ದು ಒಂದು ಟ್ಯೂಬು, ಎರಡು ಜೋಡಿ ಬ್ರೇಕ್ ರಬ್ಬರು, ಸ್ವಲ್ಪ ಎಣ್ಣೆ, ಮತ್ತು ಪಾನಾ ಹಿಡಿಯಲು ಹೇಳಿಕೊಡುವ ಒಬ್ಬರು.

ಹೇಳಿಕೊಡುವುದರ ಬಗ್ಗೆ ಒಂದು ಪ್ರಸಂಗ. 1913ರ ಟೂರ್‌ನಲ್ಲಿ ಯೂಜಿನ್ ಕ್ರಿಸ್ಟೋಫ್ ಅವರ ಸೈಕಲ್ಲಿನ ಮುಂದಿನ ಫೋರ್ಕ್ ತುರ್ಮಾಲೆ ಇಳಿಯುವಾಗ ಮುರಿಯಿತು. ಸೈಕಲ್ ಹೊತ್ತು ಹತ್ತು ಕಿ.ಮೀ.ಗೂ ಮಿಕ್ಕಿ ನಡೆದು, ಒಂದು ಹಳ್ಳಿಯ ಕುಲುಮೆಯಲ್ಲಿ ತಾವೇ ಅದನ್ನು ಬೆಸೆದರು. ಯಾರ ಸಹಾಯವನ್ನೂ ಪಡೆಯಬಾರದೆಂಬುದು ಆಗಿನ ನಿಯಮ. ಹುಡುಗನೊಬ್ಬ ತಿದಿ ಒತ್ತಿದ್ದಕ್ಕೆ ಅವರಿಗೆ ಸಮಯದ ದಂಡ ಬಿತ್ತು. ಅವರ ಕೈಗೆಲಸವನ್ನು ನಾವು ಕಲಿಯಬೇಕು, ಆ ನಿಯಮವನ್ನಲ್ಲ. ತಿದಿ ಒತ್ತುವವರು ನಮ್ಮ ಸ್ಟ್ಯಾಂಡಿನಲ್ಲಿ ಎಷ್ಟು ಜನ ಇದ್ದರೂ ಸಾಲದು. ಅಮೆರಿಕದ ಮೆಕ್ಯಾನಿಕ್ ಶೆಲ್ಡನ್ ಬ್ರೌನ್ ಫಿಕ್ಸೆಡ್ ಗೇರಿನಿಂದ ಹಿಡಿದು ಬೇರಿಂಗ್ ಗುಂಡಿನವರೆಗೆ ತಮಗೆ ತಿಳಿದದ್ದನ್ನೆಲ್ಲ ಸರಳವಾಗಿ ಬರೆದು ಪುಕ್ಕಟೆ ಹಂಚಿದರು. ಅವರು 2008ರಲ್ಲಿ ತೀರಿಕೊಂಡರೂ ಸವಾರರು ಇನ್ನೂ ಅದನ್ನು ಓದುತ್ತಾರೆ. ಅವರ ಬರಹದಲ್ಲಿ ಅಳತೆ ಇತ್ತು, ಕಾರಣ ಇತ್ತು. ಅದಕ್ಕೇ ಅದು ಉಳಿದಿದೆ.

ಪ್ರಾಂಶುಪಾಲರಿಗೆ ಮತ್ತು ಉಪನ್ಯಾಸಕರಿಗೆ ನನ್ನ ವಿನಂತಿ ಸಣ್ಣದು. ಸ್ಟ್ಯಾಂಡಿನ ಒಂದು ಮೂಲೆಯಲ್ಲಿ ಗಾಳಿ ಪಂಪು, ನಾಲ್ಕು ಪಾನಾ, ಪ್ಯಾಚಿನ ಡಬ್ಬಿ ಇಡಿಸಿ. ತಿಂಗಳಿಗೊಂದು ಶನಿವಾರ ಊರಿನ ಸೈಕಲ್ ಮೇಸ್ತ್ರಿಯೊಬ್ಬರನ್ನು ಅತಿಥಿಯಾಗಿ ಕರೆಸಿ, ಕುರ್ಚಿ ಕೊಟ್ಟು, ಗೌರವಧನ ಕೊಟ್ಟು, ಹುಡುಗ ಹುಡುಗಿಯರಿಬ್ಬರಿಗೂ ಪಾಠ ಹೇಳಿಸಿ. ಪಕ್ಕದಲ್ಲಿ ಒಂದು ನೋಟ್‌ಬುಕ್ ತೂಗುಹಾಕಿ. ಸಲಹೆ ಕೊಡಬೇಕೆಂದವರು ಅದರಲ್ಲಿ ಬರೆಯಲಿ: ಮುಂದಿನ ಹಲ್ಲು, ಹಿಂದಿನ ಹಲ್ಲು, ಟೈರಿನ ಅಳತೆ, ಹೋದ ದಾರಿ, ಹೊತ್ತ ಭಾರ, ಆದ ಪರಿಣಾಮ.

ಆ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ನನ್ನದು ತಯಾರಿದೆ: 44-20, 28 ಇಂಚು, ವಿಜಯಪುರದಿಂದ ನಿಡಗುಂದಿ, ಎರಡೂ ಬ್ರೇಕ್ ಸರಿಯಿದ್ದವು. ಎರಡನೆಯ ಪುಟ ನಿಮ್ಮದು.