ಸಾವಿರ ವರ್ಷದ ಗೇಣಿ, ಹದಿನೆಂಟು ಕುಳಿಗಳ ಮೈದಾನ

ಅಮೆರಿಕದ ಗಾಲ್ಫ್ ಇತಿಹಾಸವನ್ನು ಬರೆಯುವವರು ಶಿನ್ನೆಕಾಕ್ ಹಿಲ್ಸ್ ಗಾಲ್ಫ್ ಕ್ಲಬ್ಬನ್ನು ವಿಶೇಷ ಗೌರವದಿಂದ ಉಲ್ಲೇಖಿಸುತ್ತಾರೆ. ಆ ಗೌರವ ಅಕಾರಣವಾದುದಲ್ಲ. ನ್ಯೂಯಾರ್ಕ್ ನಗರದಿಂದ ಪೂರ್ವಕ್ಕೆ ಸುಮಾರು 140 ಕಿ.ಮೀ. ದೂರದಲ್ಲಿ, ಲಾಂಗ್ ಐಲೆಂಡಿನ ಸೌತಾಂಪ್ಟನ್ ಪಟ್ಟಣದ ಬಳಿ, ಕಡಲಿಗೆ ಸಮೀಪದ ಮರಳು ದಿಬ್ಬಗಳ ಮೇಲೆ 1891ರಲ್ಲಿ ಸ್ಥಾಪನೆಗೊಂಡ ಸಂಸ್ಥೆಯಿದು. ವಾಸ್ತುಶಿಲ್ಪಿ ಸ್ಟ್ಯಾನ್‌ಫರ್ಡ್ ವೈಟ್ ವಿನ್ಯಾಸದ ಅದರ ಕ್ಲಬ್ ಭವನ 1892ರಲ್ಲಿ ಸಿದ್ಧವಾಯಿತು. ಆ ದೇಶದ ಅತಿ ಹಳೆಯ ಗಾಲ್ಫ್ ಕ್ಲಬ್ ಭವನ ಅದೇ. 1894ರಲ್ಲಿ ರಾಷ್ಟ್ರಮಟ್ಟದ ಗಾಲ್ಫ್ ಸಂಘವನ್ನು ಹುಟ್ಟುಹಾಕಿದ ಐದು ಕ್ಲಬ್ಬುಗಳಲ್ಲಿ ಇದೂ ಒಂದು. ಹೆಂಗಸರನ್ನು ಆರಂಭದಿಂದಲೇ ಸದಸ್ಯರನ್ನಾಗಿ ಸ್ವೀಕರಿಸಿತ್ತು ಎಂಬುದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಅಮೆರಿಕದ ಓಪನ್ ಚಾಂಪಿಯನ್‌ಷಿಪ್ 2018ರವರೆಗೆ ಐದು ಬಾರಿ ಇದೇ ಅಂಗಳದಲ್ಲಿ ನಡೆದಿದೆ.

ಆದರೆ ಕ್ಲಬ್ಬಿಗೆ ಹೆಸರು ಕೊಟ್ಟ ಶಿನ್ನೆಕಾಕ್ ಎಂಬುದು ಒಂದು ಮೂಲನಿವಾಸಿ ಬುಡಕಟ್ಟು. ಅವರ ಮೀಸಲು ಪ್ರದೇಶ ಇಂದಿಗೂ ಈ ಮೈದಾನದಿಂದ ಕೂಗಳತೆಯಲ್ಲಿದೆ. ಸುಮಾರು 800 ಎಕರೆಯ ಆ ತುಣುಕಿಗೂ ಈ ದಿಬ್ಬಗಳಿಗೂ ಇರುವ ಸಂಬಂಧವನ್ನು ಅರಿಯಬೇಕಾದರೆ ಭೂದಾಖಲೆಗಳತ್ತ ತಿರುಗಬೇಕಾಗುತ್ತದೆ.

ಇಂಗ್ಲಿಷ್ ವಲಸೆಗಾರರು ಸೌತಾಂಪ್ಟನ್‌ಗೆ ಬಂದದ್ದು 1640ರಲ್ಲಿ. 1703ರ ಹೊತ್ತಿಗೆ ಬುಡಕಟ್ಟಿನವರ ಹೆಚ್ಚಿನ ಭೂಮಿ ಅವರ ಕೈಸೇರಿತ್ತು. ಆ ವರ್ಷ ಆದ ಒಪ್ಪಂದದಂತೆ ಸುಮಾರು 3,600 ಎಕರೆಯನ್ನು ಪಟ್ಟಣದವರು ಮೂಲನಿವಾಸಿಗಳಿಗೇ ಗೇಣಿಗೆ ಕೊಟ್ಟರು. ಗೇಣಿಯ ಅವಧಿ ಒಂದು ಸಾವಿರ ವರ್ಷ. ವಾರ್ಷಿಕ ಗೇಣಿ ಒಂದು ಮೆಕ್ಕೆಜೋಳದ ತೆನೆ. ತಮ್ಮದೇ ನೆಲಕ್ಕೆ ತಾವೇ ಗೇಣಿದಾರರಾಗುವ ವಿಚಿತ್ರ ಸ್ಥಿತಿ ಇದಾದರೂ ಅವಧಿಯ ದೃಷ್ಟಿಯಿಂದ ಅಭದ್ರವೆನ್ನುವಂತಿರಲಿಲ್ಲ. ದಕ್ಷಿಣ ಕನ್ನಡದ ಕಂದಾಯ ಕಡತಗಳನ್ನು ನೋಡಿದವರಿಗೆ ಮೂಲಗೇಣಿಯ ಪರಿಚಯವಿರುತ್ತದೆ. ಗೇಣಿ ಸಲ್ಲುತ್ತಿರುವವರೆಗೆ ಒಕ್ಕಲನ್ನು ಎಬ್ಬಿಸುವಂತಿಲ್ಲ ಎಂಬುದೇ ಅದರ ತಿರುಳು. ಹಾಗೆ ನೋಡಿದರೆ 1703ರ ಪತ್ರವೂ ಒಂದು ಬಗೆಯ ಮೂಲಗೇಣಿಯೇ. ಅದು 2703ರವರೆಗೆ ನಡೆಯಬೇಕಾಗಿತ್ತು.

ನಡೆದದ್ದು 156 ವರ್ಷ ಮಾತ್ರ. 1859ರಲ್ಲಿ ನ್ಯೂಯಾರ್ಕ್ ರಾಜ್ಯದ ಶಾಸನಸಭೆ ಒಂದು ವಿನಿಮಯಕ್ಕೆ ಒಪ್ಪಿಗೆ ನೀಡಿತು. ಬುಡಕಟ್ಟಿನವರು ದಿಬ್ಬಗಳ ಮೇಲಿನ ಗೇಣಿಹಕ್ಕನ್ನು ಬಿಟ್ಟುಕೊಡಬೇಕು, ಪ್ರತಿಯಾಗಿ ಇಂದಿನ ಮೀಸಲು ಪ್ರದೇಶ ಅವರಿಗೆ ಪೂರ್ಣವಾಗಿ ಸೇರುತ್ತದೆ ಎಂಬುದು ಕರಾರು. ಇದನ್ನು ಕೋರಿ ಸಲ್ಲಿಸಿದ ಅರ್ಜಿಯಲ್ಲಿ ಖೋಟಾ ಸಹಿಗಳಿದ್ದವೆಂಬುದು ಬುಡಕಟ್ಟಿನವರ ಆಕ್ಷೇಪ. ಅದಕ್ಕಿಂತಲೂ ಗಂಭೀರವಾದ ಕಾನೂನಿನ ಪ್ರಶ್ನೆ ಇನ್ನೊಂದಿದೆ. ಕೇಂದ್ರ ಸರ್ಕಾರದ ಒಪ್ಪಿಗೆಯಿಲ್ಲದೆ ಮೂಲನಿವಾಸಿಗಳ ಭೂಮಿಯ ಪರಭಾರೆ ಸಿಂಧುವಲ್ಲವೆಂದು 1790ರಲ್ಲಿಯೇ ಅಮೆರಿಕದ ಸಂಸತ್ತು ಕಾಯಿದೆ ಮಾಡಿತ್ತು. 1859ರ ವ್ಯವಹಾರಕ್ಕೆ ಅಂಥ ಒಪ್ಪಿಗೆ ಇರಲಿಲ್ಲವೆಂಬುದೇ ಮುಂದೆ ಬುಡಕಟ್ಟಿನವರ ದಾವೆಯ ಆಧಾರವಾಯಿತು.

ಇಷ್ಟಾಗಿ ಆ ದಿಬ್ಬಗಳ ಮಣ್ಣು ಬೇಸಾಯಕ್ಕೆ ಬಾರದ ಮರಳು. ರಿಕಾರ್ಡೊನ ಸಿದ್ಧಾಂತವನ್ನು ಓದಿದವರು ಇದನ್ನು ಗೇಣಿಯೇ ಹುಟ್ಟದ ಅಂಚಿನ ಭೂಮಿ ಎನ್ನುತ್ತಾರೆ. ಬೆಲೆ ಬಂದದ್ದು ಮಣ್ಣಿನಿಂದಲ್ಲ, ಹಳಿಯಿಂದ. 1870ರಲ್ಲಿ ರೈಲು ಸೌತಾಂಪ್ಟನ್ ತಲುಪಿತು. ನ್ಯೂಯಾರ್ಕಿನ ಸಿರಿವಂತರು ಬೇಸಿಗೆಯ ಬಂಗಲೆಗಳನ್ನು ಕಟ್ಟಿಸತೊಡಗಿದರು. ಅವರ ಬೆನ್ನಿಗೇ ಸ್ಕಾಟ್ಲೆಂಡಿನ ಆಟವೂ ಬಂತು. ಬೆಳೆಗೆ ಒಲ್ಲದ ಮರಳು, ಕಡಲಗಾಳಿ, ಏರಿಳಿತದ ನೆಲ ಇವೆಲ್ಲ ಆ ಆಟಕ್ಕೆ ಹೇಳಿಮಾಡಿಸಿದಂತಿದ್ದವು. ಒಡೆಯನ ಶ್ರಮವಿಲ್ಲದೆ ಏರುವ ಭೂಮಿಯ ಬೆಲೆ ಸಮಾಜಕ್ಕೆ ಸೇರಬೇಕೆಂದು ವಾದಿಸಿದ ಹೆನ್ರಿ ಜಾರ್ಜ್ 1886ರಲ್ಲಿ ಅದೇ ನ್ಯೂಯಾರ್ಕಿನ ಮೇಯರ್ ಹುದ್ದೆಗೆ ಸ್ಪರ್ಧಿಸಿ ಸೋತಿದ್ದ. ಅವನ ವಾದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕುವುದು ಕಷ್ಟ.

ಮೈದಾನವನ್ನು ಅಗೆದು ಸಮಗೊಳಿಸಿದವರು ಶಿನ್ನೆಕಾಕ್ ಕೂಲಿಗಳೇ. ಮೊದಲು ಹನ್ನೆರಡು ಕುಳಿಗಳಿದ್ದ ಅಂಗಳವನ್ನು ಹದಿನೆಂಟಕ್ಕೆ ವಿಸ್ತರಿಸಿದ ಸ್ಕಾಟ್ ಆಟಗಾರ ವಿಲ್ಲಿ ಡನ್, ಅಲ್ಲಿದ್ದ ಸಮಾಧಿದಿಣ್ಣೆಗಳಲ್ಲಿ ಕೆಲವನ್ನು ಹಾಗೆಯೇ ಬಿಟ್ಟು ಆಟದ ಅಡೆತಡೆಗಳನ್ನಾಗಿ ಬಳಸಿದೆವೆಂದೂ ಕೆಲವನ್ನು ಕೆರೆದು ಮರಳುಗುಂಡಿ ಮಾಡಿದೆವೆಂದೂ ಮುಂದೆ ಸ್ಮರಿಸಿದ್ದಾನೆ. ಸಂಕೋಚದಿಂದ ಹೇಳಿದ ಮಾತಲ್ಲ ಅದು. ಕುಶಲಕರ್ಮಿಯೊಬ್ಬ ತನ್ನ ಕೆಲಸವನ್ನು ವಿವರಿಸಿದ ಧಾಟಿಯಲ್ಲಿದೆ.

ಕ್ಲಬ್ಬಿನ ಚರಿತ್ರೆಯಲ್ಲಿ ಅಭಿಮಾನಪಡಬೇಕಾದ ಒಂದು ದಿನವೂ ಇದೆ, ಅದನ್ನು ಮರೆಮಾಚುವುದು ನ್ಯಾಯವಲ್ಲ. 1896ರ ಓಪನ್ ಪಂದ್ಯಕ್ಕೆ ಕ್ಯಾಡಿಗಳಾಗಿ ಆಟ ಕಲಿತ ಇಬ್ಬರು ಯುವಕರು ಹೆಸರು ಕೊಟ್ಟಿದ್ದರು. ಒಬ್ಬ, ಶಿನ್ನೆಕಾಕ್ ಬುಡಕಟ್ಟಿನ ಆಸ್ಕರ್ ಬನ್. ಇನ್ನೊಬ್ಬ ಜಾನ್ ಶಿಪ್ಪೆನ್, ಮೀಸಲು ಪ್ರದೇಶಕ್ಕೆ ಪಾದ್ರಿಯಾಗಿ ಬಂದ ಕಪ್ಪು ಜನಾಂಗದವನೊಬ್ಬನ ಮಗ. ಇವರೊಡನೆ ಆಡಲಾರೆವೆಂದು ಇತರ ಸ್ಪರ್ಧಿಗಳು ಬೆದರಿಸಿದರು. ಗಾಲ್ಫ್ ಸಂಘದ ಅಧ್ಯಕ್ಷ ಥಿಯೊಡರ್ ಹ್ಯಾವ್‌ಮೇಯರ್ ಬಗ್ಗಲಿಲ್ಲ; ಅವರಿಬ್ಬರೇ ಉಳಿದರೂ ಪಂದ್ಯ ನಡೆಯುತ್ತದೆ ಎಂದು ಪಟ್ಟುಹಿಡಿದ. ಬೆದರಿಸಿದವರು ತೆಪ್ಪಗೆ ಆಡಿದರು. ಒಂದೇ ಕುಳಿಗೆ ಹನ್ನೊಂದು ಹೊಡೆತ ವ್ಯಯಿಸಿಯೂ ಶಿಪ್ಪೆನ್ ಮೊದಲ ಹತ್ತರೊಳಗೆ ನಿಂತ. ಆದರೆ ಆಟದಲ್ಲಿ ಸಮಾನ ಅವಕಾಶ ದೊರೆತ ಮಾತ್ರಕ್ಕೆ ಭೂಮಿಯ ಪ್ರಶ್ನೆ ಇತ್ಯರ್ಥವಾಗಲಿಲ್ಲ. 1931ರಲ್ಲಿ ವಿಲಿಯಂ ಫ್ಲಿನ್ ಅಂಗಳವನ್ನು ಇಂದಿನ ರೂಪಕ್ಕೆ ತಂದ. ಹುಲ್ಲಿನ ಆರೈಕೆಯಲ್ಲಿ ಶಿನ್ನೆಕಾಕ್ ಕುಟುಂಬದವರು ತಲೆಮಾರುಗಳ ಕಾಲ ದುಡಿದರು.

ಬುಡಕಟ್ಟು ಈ 3,600 ಎಕರೆಗಾಗಿ ಕೇಂದ್ರ ನ್ಯಾಯಾಲಯದ ಮೆಟ್ಟಿಲೇರಿದ್ದು 2005ರಲ್ಲಿ. 2006ರಲ್ಲಿ ದಾವೆ ವಜಾ ಆಯಿತು. ಬಹಳ ತಡವಾಗಿ ಬಂದಿದ್ದೀರಿ, ನಡುವೆ ಅನೇಕರು ನಂಬಿಕೆಯಿಂದ ಕೊಂಡು ಕಟ್ಟಿಕೊಂಡಿದ್ದಾರೆ, ಈಗ ಕದಡುವುದು ತರವಲ್ಲ ಎಂಬುದು ಆ ತೀರ್ಪಿನ ಸಾರ. 2015ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. 2016ರಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು.

ಕಾಲಮಿತಿಯ ತತ್ವವನ್ನು ನಾನು ಹಗುರವಾಗಿ ಕಾಣುವವನಲ್ಲ. ನಮ್ಮ 1963ರ ಕಾಲಮಿತಿ ಕಾಯಿದೆಯಲ್ಲಿ ಸ್ಥಿರಾಸ್ತಿಯ ಸ್ವಾಧೀನಕ್ಕೆ ಖಾಸಗಿಯವರಿಗೆ 12 ವರ್ಷ, ಸರ್ಕಾರದ ದಾವೆಗೆ 30 ವರ್ಷ ಎಂದಿರುವುದು ಸುಮ್ಮನೆ ಅಲ್ಲ. ಒಡೆತನಕ್ಕೆ ಎಲ್ಲೋ ಒಂದು ಕೊನೆಯ ಗೆರೆ ಬೇಕು. ಆದರೆ ಕಾಲಮಿತಿ ಎಂದರೆ ಬಾಗಿಲು ತೆರೆದಿದ್ದಾಗ ಬಾರದವನಿಗೆ ವಿಧಿಸುವ ಶಿಕ್ಷೆ. ಬುಡಕಟ್ಟುಗಳ ಇಂಥ ದಾವೆಗಳಿಗೆ ಕೇಂದ್ರ ನ್ಯಾಯಾಲಯದ ಬಾಗಿಲು ತೆರೆದದ್ದೇ ಒನೈಡಾ ಪ್ರಕರಣದ 1974ರ ತೀರ್ಪಿನಿಂದ. ಶಿನ್ನೆಕಾಕ್ ಜನ ಕೇಂದ್ರ ಸರ್ಕಾರದ ಮಾನ್ಯತೆ ಕೋರಿ ಅರ್ಜಿ ಹಾಕಿದ್ದು 1978ರಲ್ಲಿ; ದೊರೆತದ್ದು 2010ರ ಅಕ್ಟೋಬರಿನಲ್ಲಿ. ಮೂವತ್ತೆರಡು ವರ್ಷ ಸರ್ಕಾರ ಕಡತದ ಮೇಲೆ ಕುಳಿತಿತ್ತು. ಕಚೇರಿಗಳಲ್ಲಿ ಬಾಳು ಸವೆಸಿದ ನನಗೆ ಇದು ತೀರ ಅಪರಿಚಿತ ದೃಶ್ಯವೇನಲ್ಲ.

ಮನೆಗಳನ್ನು ತೆರವುಗೊಳಿಸಿ, ಮೈದಾನವನ್ನು ಉತ್ತು ಹಾಕಿ ಎಂದು ವಿವೇಕಿಗಳಾರೂ ಹೇಳಲಾರರು. ಇಂದಿನ ಸದಸ್ಯರು 1859ರ ಅರ್ಜಿಗೆ ಹೊಣೆಗಾರರೂ ಅಲ್ಲ. ಆದರೆ ಸ್ವಾಧೀನ ನಿರಾಕರಿಸುವುದು ಬೇರೆ, ಪರಿಹಾರವನ್ನೂ ನಿರಾಕರಿಸುವುದು ಬೇರೆ. ಕಯೂಗಾ ಬುಡಕಟ್ಟಿಗೆ ಕೆಳ ನ್ಯಾಯಾಲಯ ಕೊಡಿಸಿದ್ದ ಸುಮಾರು 24.8 ಕೋಟಿ ಡಾಲರ್ ಪರಿಹಾರವನ್ನು 2005ರಲ್ಲಿ ಮೇಲ್ಮನವಿ ನ್ಯಾಯಾಲಯ ರದ್ದುಪಡಿಸಿದಾಗ ಈ ಎರಡರ ನಡುವಣ ಗೆರೆ ಅಳಿಸಿಹೋಯಿತು. ನನ್ನ ದೃಷ್ಟಿಯಲ್ಲಿ ತಪ್ಪಾದದ್ದು ಅಲ್ಲಿಯೇ. ಹಣ ಕೊಟ್ಟರೆ ಯಾರ ಮನೆಯೂ ಬೀಳುವುದಿಲ್ಲ, ಯಾವ ಕುಳಿಯೂ ಮುಚ್ಚುವುದಿಲ್ಲ.

ನ್ಯಾಯಾಲಯ ಮುಚ್ಚಿದ ದಾರಿಯನ್ನು ಆಡಳಿತ ತೆರೆಯಬಹುದು. ಆ ಭಾಗದ ಪಟ್ಟಣಗಳಲ್ಲಿ 1999ರಿಂದ ಆಸ್ತಿ ವರ್ಗಾವಣೆಯ ಮೇಲೆ ಶೇ 2ರಷ್ಟು ತೆರಿಗೆ ವಸೂಲಾಗಿ ಭೂಸಂರಕ್ಷಣೆಯ ನಿಧಿಗೆ ಸೇರುತ್ತಿದೆ. ದಿಬ್ಬಗಳ ಮೇಲಿನ ಪ್ರತಿ ಮಾರಾಟದ ತೆರಿಗೆಯಲ್ಲಿ ಒಂದು ಪಾಲನ್ನು ಶಾಸನದ ಮೂಲಕ ಬುಡಕಟ್ಟಿಗೆ ಗೊತ್ತುಪಡಿಸುವುದು ಅಸಾಧ್ಯವೇನಲ್ಲ. ಕ್ಲಬ್ಬು ತಾನಾಗಿಯೇ ವಾರ್ಷಿಕ ನೆಲಗೇಣಿಯೊಂದನ್ನು ಸಲ್ಲಿಸಬಹುದು, ಮೆಕ್ಕೆಜೋಳದ ತೆನೆಗಿಂತ ತುಸು ಹೆಚ್ಚಾಗಿ.

ಚಿಕ್ಕದೊಂದು ಆರಂಭ ಈಗಾಗಲೇ ಆಗಿದೆ. ಸಮಾಧಿಗಳ ರಕ್ಷಣೆಗೆ ಸೌತಾಂಪ್ಟನ್ ಆಡಳಿತ 2020ರಲ್ಲಿ ನಿಯಮ ಮಾಡಿತು. 2021ರಲ್ಲಿ ಮೈದಾನದ ಆಸುಪಾಸಿನ ಶುಗರ್ ಲೋಫ್ ಎಂಬ ಪವಿತ್ರ ಗುಡ್ಡದ ಸುಮಾರು ನಾಲ್ಕೂವರೆ ಎಕರೆಯನ್ನು ಅದೇ ಸಂರಕ್ಷಣಾ ನಿಧಿಯ ನೆರವಿನಿಂದ ಖರೀದಿಸಿ ಉಳಿಸಿಕೊಳ್ಳಲಾಯಿತು. ಕೊಂಡದ್ದು ಮಾತ್ರ ಅಂದಿನ ಮಾರುಕಟ್ಟೆಯ ದರದಲ್ಲಿ, ಲಕ್ಷಾಂತರ ಡಾಲರ್ ತೆತ್ತು.