ಶಾಲೇಲಿ ಪಾಠ, ಮನೇಲಿ ಒಂದೇ ಡಬ್ಬ: ಬ್ರೂಕ್‌ಫೀಲ್ಡ್ ಕಸದ ಲೆಕ್ಕ ತಪ್ಪುತ್ತಿರೋದು ಎಲ್ಲಿ?

ಬ್ರೂಕ್‌ಫೀಲ್ಡ್: ಜೂನ್ 5 ಬಂತೆಂದರೆ ಶಾಲೆಗಳಲ್ಲಿ ಗಿಡ ನೆಡೋದು, ಪೋಸ್ಟರ್ ಬರೆಯೋದು, ಜಾಥಾ ಹೊರಡೋದು ಮಾಮೂಲು. ಹಸಿ ಕಸ ಯಾವುದು, ಒಣ ಕಸ ಯಾವುದು ಅಂತ ಕೇಳಿದರೆ ಮೂರನೇ ಕ್ಲಾಸಿನ ಮಕ್ಕಳೂ ಪಟಪಟ ಹೇಳ್ತಾರೆ. ಆದರೆ ಎಷ್ಟೋ ಮನೆಗಳ ಅಡುಗೆಕೋಣೆಯಲ್ಲಿ ಇನ್ನೂ ಇರೋದು ಒಂದೇ ಡಬ್ಬ. ಪಾಠ ಗೊತ್ತಿದೆ, ಅಭ್ಯಾಸ ಆಗಿಲ್ಲ.

ನಿಯಮ ಹೊಸದೇನಲ್ಲ. ಹಸಿ ಕಸಕ್ಕೆ ಹಸಿರು ಡಬ್ಬ, ಸ್ಯಾನಿಟರಿ ಕಸಕ್ಕೆ ಕೆಂಪು ಡಬ್ಬ, ಒಣ ಕಸಕ್ಕೆ ಒಂದು ಚೀಲ ಕಡ್ಡಾಯ ಅಂತ ಹೈಕೋರ್ಟ್ ಹೇಳಿದ್ದು 2015ರ ಡಿಸೆಂಬರ್‌ನಲ್ಲಿ. ಅದಕ್ಕೂ ಮುಂಚೆ ಊರಿನ ಬೆರಕೆ ಕಸವನ್ನೆಲ್ಲ ಹೊತ್ತಿದ್ದು ನಮ್ಮದೇ ಪೂರ್ವ ತಾಲ್ಲೂಕಿನ ಮಂಡೂರು. ಅಲ್ಲಿನ ಜನ ಬೀದಿಗಿಳಿದ ಮೇಲೆ, 2014ರ ಡಿಸೆಂಬರ್‌ನಿಂದ ಅಲ್ಲಿಗೆ ಕಸ ಹೋಗೋದು ನಿಂತಿತು. ನಾವು ಬೆರೆಸಿ ಎಸೆದದ್ದು ಇನ್ನೊಂದು ಊರಿನ ಬಾವಿ ನೀರಿಗೆ ಇಳಿಯುತ್ತೆ ಅನ್ನೋದು ನಮ್ಮ ಮಕ್ಕಳಿಗೆ ಹೇಳಬೇಕಾದ ಮೊದಲ ಪಾಠ.

ಶುಲ್ಕ, ದಂಡ ಸಾಕೇ?

2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆ ಜೊತೆಗೇ ಕಸದ ಶುಲ್ಕ ಬರ್ತಿದೆ. 600 ಚದರಡಿ ಒಳಗಿನ ಮನೆಗೆ ತಿಂಗಳಿಗೆ 10 ರೂಪಾಯಿ, 4,000 ಚದರಡಿ ದಾಟಿದರೆ 400 ರೂಪಾಯಿ. ಗಮನಿಸಿ, ಈ ಲೆಕ್ಕ ಕಟ್ಟಡದ ಅಳತೆ ಮೇಲಿದೆ. ಕಸ ಬೇರೆ ಮಾಡಿದವರಿಗೂ ಅಷ್ಟೇ, ಮಾಡದವರಿಗೂ ಅಷ್ಟೇ. 2025ರ ಅಕ್ಟೋಬರ್‌ನಲ್ಲಿ ರಸ್ತೆಗೆ ಕಸ ಎಸೆದವರ ಮನೆ ಮುಂದೇನೇ ಕಸ ಸುರಿದು ದಂಡ ಹಾಕಿದ್ದೂ ಆಯ್ತು. ಅದು ಭಯ ಹುಟ್ಟಿಸುತ್ತೆ, ನಿಜ. ಆದರೆ ಮಾರ್ಷಲ್ ಅಡುಗೆಮನೆ ತನಕ ಬರೋಕಾಗಲ್ಲ. ಮಗು ಬರುತ್ತೆ.

ಇದು ಬರೀ ಮಾತಲ್ಲ. ಸೇಶೆಲ್ಸ್ ದ್ವೀಪದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಶಾಲೆಯಲ್ಲಿ ಮಕ್ಕಳು ಪರಿಸರದ ಬಗ್ಗೆ ಕಲಿತದ್ದು ಅಪ್ಪ-ಅಮ್ಮನ ತಿಳಿವಳಿಕೆ ಮತ್ತು ಮನೆಯ ನೀರಿನ ಬಳಕೆಯ ಮೇಲೂ ಪರಿಣಾಮ ಬೀರಿದ್ದನ್ನು ತೋರಿಸಿತು.

ನಮ್ಮಲ್ಲಿ ಎಲ್ಲಿ ಸಿಕ್ಕಿಕೊಳ್ತಿದೆ?

ಒಂದು, ಅಪಾರ್ಟ್‌ಮೆಂಟ್‌ಗಳಲ್ಲಿ ಕಸದ ಡಬ್ಬ ಮುಟ್ಟೋದು ಮನೆಕೆಲಸದವರು. ಮನೆ ಮಗುವಿಗೆ ಪಾಠ ಗೊತ್ತು, ಕೈಯಲ್ಲಿ ಕೆಲಸ ಇಲ್ಲ. ಅದೇ ಕೆಲಸದ ಮಹಿಳೆ ಹಗಲೆಲ್ಲ ಬೇರೆಯವರ ಕಸ ಬೇರ್ಪಡಿಸಿ ಬಾಡಿಗೆ ರೂಮಿಗೋ ಶೆಡ್ಡಿಗೋ ಹೋದರೆ, ಅಲ್ಲಿಗೆ ಆಟೊ ಬರುವ ಹೊತ್ತಿಗೆ ಮನೇಲಿ ಯಾರೂ ಇರಲ್ಲ. ಕವರ್ ಕಟ್ಟಿ ಮೂಲೆಯಲ್ಲಿ ಇಡೋದೇ ದಾರಿ. ಅದನ್ನು ಬರೀ ಬೇಜವಾಬ್ದಾರಿ ಅನ್ನೋದು ಅನ್ಯಾಯ.

ಎರಡು, ಬೇರೆ ಮಾಡಿ ಕೊಟ್ಟದ್ದನ್ನು ಮಗುವಿನ ಕಣ್ಣೆದುರೇ ಒಟ್ಟಿಗೆ ಸುರಿದರೆ ಒಂದು ವರ್ಷದ ಪಾಠ ಒಂದು ನಿಮಿಷದಲ್ಲಿ ನೀರುಪಾಲು. "ಎಲ್ಲಾ ಒಂದೇ ಗಾಡೀಲಿ ತಾನೇ ಹೋಗೋದು" ಅನ್ನೋ ದೊಡ್ಡವರ ಮಾತಿಗೆ ಮಗುವಿನ ಹತ್ತಿರ ಉತ್ತರ ಇರಲ್ಲ.

ಏನು ಮಾಡಬಹುದು?

ಶಾಲೆಗಳು ಜಾಥಾ ಬದಲು ವಾರಕ್ಕೊಂದು ಚಿಕ್ಕ ಕೆಲಸ ಕೊಡಲಿ: ಸೋಮವಾರ ಮನೆಯಿಂದ ತೊಳೆದು ಒಣಗಿಸಿದ ಹಾಲಿನ ಕವರ್ ತರೋದು, ಊಟದ ಡಬ್ಬಿಯಲ್ಲಿ ಉಳಿದದ್ದನ್ನು ಶಾಲೆಯ ಗೊಬ್ಬರದ ಗುಂಡಿಗೆ ಹಾಕೋದು. ಎಚ್‌ಎಸ್‌ಆರ್ ಲೇಔಟ್‌ನ ಸ್ವಚ್ಛಾಗ್ರಹ ಕಲಿಕಾ ಕೇಂದ್ರದಲ್ಲಿ ಗೊಬ್ಬರ ಮಾಡುವ ಬಗೆಬಗೆ ವಿಧಾನಗಳನ್ನು ಕಣ್ಣಾರೆ ನೋಡಬಹುದು. ಶಾಲಾ ಪ್ರವಾಸಕ್ಕೆ ಮಾಲ್‌ಗಿಂತ ವಾಸಿ.

ಮನೆಯಲ್ಲಿ ಸಂಜೆ ಕಸ ಇಳಿಸೋ ಕೆಲಸ ಮಕ್ಕಳದ್ದೂ ಆಗಲಿ. ಮಾಡಿದ್ದು ಕೈಗೆ ಹತ್ತುತ್ತೆ, ಕೇಳಿದ್ದು ಮರೆತುಹೋಗುತ್ತೆ.

ಅಂಗಡಿಯವರ ಕಷ್ಟ ಬೇರೆ. ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ರಾಜ್ಯದಲ್ಲಿ 2016ರಿಂದಲೇ ನಿಷೇಧ. ಆದರೂ ಕವರ್ ಇಲ್ಲ ಅಂದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗ್ತಾನೆ ಅನ್ನೋ ಭಯ. ಒಬ್ಬರೇ ನಿಲ್ಲಿಸಿದರೆ ನಷ್ಟ, ಇಡೀ ಬೀದಿ ನಿಲ್ಲಿಸಿದರೆ ಎಲ್ಲರಿಗೂ ಕವರಿನ ಖರ್ಚು ಉಳಿತಾಯ. ಬಟ್ಟೆ ಚೀಲ ಹಿಡಿದು ಬರೋ ಮಗುವಿಗೆ ಒಂದು ಚಾಕೊಲೇಟ್ ಕೊಟ್ಟರೂ ಲಾಭವೇ.

ಕೊನೆಯ ಮಾತು ಪಾಲಿಕೆಗೆ. 2025ರ ಸೆಪ್ಟೆಂಬರ್‌ನಿಂದ ನಮ್ಮದು ಬೆಂಗಳೂರು ಪೂರ್ವ ನಗರ ಪಾಲಿಕೆ. ಬಾಡಿಗೆ ರೂಮುಗಳಿರುವ ಗಲ್ಲಿಗಳಿಗೆ ಸಂಜೆ ಹೊತ್ತು ಒಂದು ಗಾಡಿ ಕಳಿಸಿ, ಬೇರೆ ಕೊಟ್ಟ ಕಸ ಬೇರೆಯಾಗೇ ಹೋಗುವ ಹಾಗೆ ನೋಡಿಕೊಂಡರೆ ಮಕ್ಕಳ ಮಾತಿಗೆ ಮನೇಲಿ ಬೆಲೆ ಬರುತ್ತೆ. ಶುಲ್ಕ ಕಟ್ಟುವ ಜನ ಕೇಳುವುದಾದರೂ ಇಷ್ಟೇ.